ಐವತ್ತಡಿಯ ಚಿಮಣಿ

1974ರ ಜನವರಿ 17, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ವಾರ್ಡ್ ಆಫೀಸಿನ ಪ್ಯೂನ್ ಅಂಧೇರಿ ಪೂರ್ವದ ನೇತ್ರಾವತಿ ಲಂಚ್ ಹೋಮಿನ ಗಲ್ಲಾದ ಮೇಲೆ ಒಂದು ನೋಟೀಸು ಇಟ್ಟು, ಸಹಿ ಹಾಕಿಸಿಕೊಂಡು, ಅರ್ಧ ಲೋಟ ಕಟಿಂಗ್ ಚಹಾ ಕುಡಿದು ಹೋದ.

ನೋಟೀಸಿನಲ್ಲಿ ಇದ್ದದ್ದು ಇಷ್ಟೇ. ಹೋಟೆಲಿನ ಭಟ್ಟಿಯ ಹೊಗೆ ಹೋಗುವ ಚಿಮಣಿ, ಮೂವತ್ತು ಅಡಿ ದೂರದೊಳಗೆ ಇರುವ ಯಾವುದೇ ಕಟ್ಟಡದ ಟೆರೇಸಿನ ಗೋಡೆಗಿಂತ ಆರು ಅಡಿ ಮೇಲಿರಬೇಕು. ಈಗ ಹಾಗಿಲ್ಲವೆಂದು ದೂರು ಬಂದಿದೆ. ಮಾರ್ಚ್ 31ರೊಳಗೆ ಸರಿಪಡಿಸದಿದ್ದರೆ ಮುಂದಿನ ವರ್ಷಕ್ಕೆ ಲೈಸೆನ್ಸ್ ನವೀಕರಿಸುವುದಿಲ್ಲ. ಲೈಸೆನ್ಸ್ ಇಲ್ಲದೆ ನಡೆಸಿದರೆ ಮೊಕದ್ದಮೆ, ಇಲ್ಲವೇ ಬೀಗ.

ಮಾಲೀಕ ಚೆನ್ನಯ ಬಂಗೇರ ಅದನ್ನು ಎರಡು ಸಲ ಓದಿದ. ಕೊನೆಯ ಪದದ ಮೇಲೆ ಬೆರಳಿಟ್ಟ. ಬೀಗ ಎಂದರೆ ಏನೆಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. 1957ರ ಮಾರ್ಚ್‌ನಲ್ಲಿ ಅವನು ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದಾಗ, ಮೋರಿ ಸರಿಯಿಲ್ಲವೆಂದು ಅದಕ್ಕೆ ಬೀಗ ಬಿತ್ತು. ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ ಹನ್ನೆರಡು ಜನ ಇಪ್ಪತ್ತೊಂದು ದಿನ ಫುಟ್‌ಪಾತಿನಲ್ಲಿ ಕಳೆದರು. ಟ್ರಂಕುಗಳೆಲ್ಲ ಒಳಗೆ. ಚೆನ್ನಯನ ಟ್ರಂಕಿನಲ್ಲಿ ಎಸ್ಸೆಸ್ಸಿ ಪರೀಕ್ಷೆಯ ಹಾಲ್ ಟಿಕೆಟ್ ಇತ್ತು. ಆ ವರ್ಷದ ಪರೀಕ್ಷೆ ಹೋಯಿತು. ಮರುವರ್ಷ, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಿಂದ ಅವನು ಪಾಸಾದ.

ಈಗ ನೇತ್ರಾವತಿಯಲ್ಲಿ ಮಲಗುವವರು ಎಂಟು ಜನ. ಚೆನ್ನಯ ಮತ್ತು ಹೆಂಡತಿ ವಾರಿಜಾ ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ. ಅಡಿಗೆಯ ದೂಜನೂ ಉಳಿದ ಐವರು ಕೆಲಸಗಾರರೂ ಮುಂದಿನ ಹಾಲಿನಲ್ಲಿ, ಟೇಬಲ್ ಜೋಡಿಸಿಕೊಂಡು. ಹದಿಮೂರು ವರ್ಷದಿಂದ ಲೈಸೆನ್ಸ್ ಒಂದು ದಿನವೂ ತಡವಾಗಿರಲಿಲ್ಲ. ಪ್ರತಿ ವರ್ಷದ ಕಾಗದವನ್ನೂ ಗಾಜಿನ ಚೌಕಟ್ಟಿಗೆ ಹಾಕಿಸಿ, ಹಳೆಯದರ ಮೇಲೆ ಹೊಸದನ್ನು ಸೇರಿಸಿ, ಗಲ್ಲಾದ ಹಿಂದೆ ತೂಗುಹಾಕಿದ್ದ.

ದೂಜ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಬೈಕುಲ್ಲಾದಲ್ಲಿ ಚೆನ್ನಯನಿಗೆ ದೋಸೆ ಹುಯ್ಯಲು ಕಲಿಸಿದವನೇ ಅವನು. ಆರು ವರ್ಷ ದೊಡ್ಡವನು. ಗಿರಾಕಿಗಳ ಎದುರು ‘ಸೇಟ್ರೇ’ ಎನ್ನುತ್ತಿದ್ದ, ಒಳಗೆ ‘ಚೆನ್ನಯ’.

“ಎಂತ ಬಂದದ್ದು?”

“ಚಿಮಣಿ ಎತ್ತರ ಸಾಲದಂತೆ.”

“ನಮ್ಮದಾ?” ದೂಜ ಹೊರಗೆ ಹೋಗಿ ಮೇಲೆ ನೋಡಿದ. “ಎರಡು ವರ್ಷದ ಹಿಂದೆ ಈ ಓಣಿಯಲ್ಲಿ ಇದಕ್ಕಿಂತ ಎತ್ತರ ಇದ್ದದ್ದು ಒಂದು ತೆಂಗಿನಮರ ಮಾತ್ರ. ಮೇಲೆ ಬಂದದ್ದು ಅವರು. ನೋಟೀಸು ನಮಗೆ.”

ಅವನು ಹೇಳಿದ್ದು ಪಕ್ಕದ ಪುಷ್ಪಕ್ ಸೊಸೈಟಿಯ ಬಗ್ಗೆ. 1972ರಲ್ಲಿ ಎದ್ದ ಕಟ್ಟಡ. ನೆಲ ಮತ್ತು ಮೂರು ಮಾಳಿಗೆ. ಹೋಟೆಲಿನ ಗೋಡೆಗೂ ಅದಕ್ಕೂ ನಡುವೆ ಹನ್ನೊಂದು ಅಡಿ; ಹೋಟೆಲಿನ ಯಾವ ಮೂಲೆಯೂ ಅದರಿಂದ ಮೂವತ್ತಡಿ ದೂರ ಇರಲಿಲ್ಲ. ಆ ಸಂದಿಯಲ್ಲಿ ನಿಂತು ಕತ್ತೆತ್ತಿದರೆ ಒಂದು ಪಟ್ಟಿ ಆಕಾಶ, ಅದರಲ್ಲಿ ಆಗಾಗ ಇಳಿಯುವ ವಿಮಾನದ ಹೊಟ್ಟೆ. ಇಪ್ಪತ್ತೇಳು ಅಡಿಯ ತಗಡಿನ ಚಿಮಣಿಯ ಬಾಯಿ ಸರಿಯಾಗಿ ಎರಡನೇ ಮಾಳಿಗೆಯ ಕಿಟಕಿಗಳ ಮಟ್ಟಕ್ಕೆ ಬರುತ್ತಿತ್ತು.

ದೂರು ಕೊಟ್ಟವರು ಯಾರೆಂದು ಹುಡುಕುವ ಕಷ್ಟ ಆಗಲಿಲ್ಲ. ಆ ಸಂಜೆಯೇ ಪುಷ್ಪಕ್‌ನ ಮೂರನೇ ಮಾಳಿಗೆಯ ಶೀಲಾವತಿ ಟೀಚರ್ ಎಂದಿನಂತೆ ಇಡ್ಲಿ ಪಾರ್ಸೆಲಿಗೆ ಬಂದರು. ಮಂಗಳೂರಿನವರು, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು.

“ಚೆನ್ನಯಣ್ಣ, ಅರ್ಜಿ ಕೊಟ್ಟದ್ದು ನಾನೇ,” ಎಂದರು. “ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ ಅಂತ ಹೇಳ್ತಾ ಇದ್ದೇನೆ.”

“ಅಪ್ಪನಿಗೆ ಹೇಗುಂಟು ಟೀಚರ್?”

“ನಿಮ್ಮ ಭಟ್ಟಿ ಹತ್ತಿದ ಕೂಡಲೇ ಕೆಮ್ಮಿಕೊಂಡು ಎದ್ದು ಕೂತ್ಕೊಳ್ತಾರೆ. ನಮ್ಮ ಮನೆಗೆ ಅಲಾರಂ ಗಡಿಯಾರ ಬೇಡ. ಎರಡು ಸಲ ಆಸ್ಪತ್ರೆಗೆ ಹಾಕಿ ಆಯ್ತು.”

ಚೆನ್ನಯನಿಗೆ ಸಿಟ್ಟು ಬರಲಿಲ್ಲ. ಆ ಮುದುಕರನ್ನು ಅವನು ಕಂಡಿದ್ದ. “ಏರಿಸುವ, ಟೀಚರ್,” ಎಂದ. “ಏರಿಸ್ಲಿಕ್ಕೆ ಎಂತ ದೊಡ್ಡ ಸಂಗತಿ.”

ಪಾರ್ಸೆಲ್ ತೆಗೆದುಕೊಂಡು ಮೆಟ್ಟಿಲು ಇಳಿಯುತ್ತ ಟೀಚರ್ ತಿರುಗಿ ನಿಂತರು. “ಒಂದು ಮಾತು. ಕೇಳದೆ ಏರಿಸ್ಬೇಡಿ. ನಮ್ಮ ಬಿಲ್ಡಿಂಗಿಗೆ ಇನ್ನೊಂದು ಮಾಳಿಗೆ ಇತ್ತು ಪ್ಲಾನಿನಲ್ಲಿ. ವಿಮಾನ ನಿಲ್ದಾಣದವರು ಕಡಿಸಿದ್ರು. ಇಲ್ಲಿ ಎಲ್ಲದಕ್ಕೂ ಒಂದು ಎತ್ತರ ಉಂಟು, ನೀರಿನ ಟಾಂಕಿಗೂ.”

ಮರುದಿನ ಚೆನ್ನಯ ಗುರಲಿಂಗಪ್ಪನನ್ನು ಕರೆಸಿದ. ಇಂಡಿ ಕಡೆಯ ಗೌಂಡಿ, ಪುಷ್ಪಕ್ ಕಟ್ಟಿದವರಲ್ಲಿ ಒಬ್ಬ. ಕೆಲಸ ಮುಗಿದ ಮೇಲೂ ಹಿಂದಿನ ಖಾಲಿ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಅಲ್ಲೇ ಉಳಿದಿದ್ದ. ಚೆನ್ನಯ ಅಳತೆಯ ಟೇಪು ಕೈಗೆ ಕೊಟ್ಟರೆ ಅವನು ಅದನ್ನು ಬಿಚ್ಚಲೇ ಇಲ್ಲ.

“ಟೇಪ್ ಯಾಕ್ರೀ ಸಾವಕಾರ್ರ. ಆ ಪಾವಟಿಗಿ ನಾನ ಕಟ್ಟೇನಿ. ರಸ್ತೆದಿಂದ ಟೆರೇಸಿನ ತನಕಾ ಅರವತ್ತೊಂಬತ್ತ ಅದಾವ. ಒಂದೊಂದು ಏಳ ಇಂಚ. ಅದರ ಮ್ಯಾಲ ಗ್ವಾಡಿ ಮೂರು ಅಡಿ ಒಂಬತ್ತ ಇಂಚ.”

ಚೆನ್ನಯ ಬಿಲ್ಲಿನ ಹಿಂಬದಿಯಲ್ಲಿ ಮೆಟ್ಟಿಲು ಗುಣಿಸಿ, ಗೋಡೆ ಕೂಡಿಸಿದ. ಸರಿಯಾಗಿ ನಲವತ್ತನಾಲ್ಕು ಅಡಿ. ಅದಕ್ಕೆ ಆರು ಸೇರಿಸಿದರೆ ಐವತ್ತು.

“ಐವತ್ತಡಿ ನಿಲ್ತದಾ ಗಾಳಿಗೆ?”

“ತಂತಿ ಬಿಗದ್ರ ನಿಲ್ತೈತ್ರೀ. ಬೈಕುಲ್ಲಾದಾಗ ಪೈಪ್ ಮಾಡಸ್ರಿ, ಎರಡ ದಿನದ ಕೆಲಸ.” ಗುರಲಿಂಗಪ್ಪ ಚಹಾ ಬಸಿಗೆ ಸುರಿದುಕೊಂಡ. “ಪೈಪ್ ಬಂದ್ರ ಏರಿಸಿಬಿಡೂಣ. ಯಾರು ಕೇಳ್ತಾರ?”

ಏರಿಸಿಬಿಡಬಹುದಿತ್ತು. ಅಂಧೇರಿಯ ಯಾವ ಹೋಟೆಲಿನವನಾದರೂ ಅದನ್ನೇ ಮಾಡುತ್ತಿದ್ದ. ಆದರೆ ಚೆನ್ನಯ ರಾತ್ರಿಶಾಲೆಯಲ್ಲಿ ಪತ್ರಲೇಖನಕ್ಕೆ ನೂರಕ್ಕೆ ಎಂಬತ್ತೊಂದು ತೆಗೆದವನು. ಹಗಲೆಲ್ಲ ತಟ್ಟೆ ತೊಳೆದು, ಸಂಜೆ ಏಳರ ಲೋಕಲ್ ಹಿಡಿದು ಬಂದು ಬೆಂಚಿನ ಮೇಲೆ ತೂಕಡಿಸುತ್ತಿದ್ದ ಆ ತರಗತಿಗೆ ಅಲ್ಲಿನ ಮಾಸ್ತರರು ಒಂದು ವಿಷಯ ಚೆನ್ನಾಗಿ ತಲೆಗೆ ಹತ್ತಿಸಿದ್ದರು: ನಮ್ಮಂಥವರು ಬಾಯಿಮಾತಿನಲ್ಲಿ ಕೇಳಿದರೆ ಹೊರಗೆ ನಿಲ್ಲಿಸುತ್ತಾರೆ, ಬರೆದು ಕೇಳಿದರೆ ಉತ್ತರ ಕೊಡಲೇಬೇಕು. ಪತ್ರದ ಕೊನೆಗೆ ಎಡಗಡೆ ‘ಪ್ರತಿ’ ಎಂದು ಬರೆದು, ಆ ವಿಷಯಕ್ಕೆ ಸಂಬಂಧಪಟ್ಟ ಇನ್ನೊಂದು ಆಫೀಸಿನ ಹೆಸರು ಹಾಕಬೇಕು. ಆಗ ಯಾರೂ ಅರ್ಜಿಯನ್ನು ಕಸದಬುಟ್ಟಿಗೆ ಹಾಕಲಾರರು. ಆ ಶಾಲೆಯಲ್ಲಿ ಕಲಿತ ಹೋಟೆಲಿನವರನ್ನು ಅವರ ಅರ್ಜಿಯಿಂದಲೇ ಗುರುತಿಸಬಹುದಿತ್ತು. ಎಲ್ಲರ ಅರ್ಜಿಯ ಕೊನೆಗೂ ಆ ಒಂದು ಸಾಲು ಇರುತ್ತಿತ್ತು.

ಜನವರಿ 22ರ ಮಧ್ಯಾಹ್ನ, ಊಟದ ಗಿರಾಕಿ ಕಡಿಮೆಯಾದ ಮೇಲೆ, ಅವನು ವಿಮಾನ ನಿಲ್ದಾಣದ ಆಫೀಸಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದ. ವಾರ್ಡ್ ಆಫೀಸಿನ ನೋಟೀಸಿನ ಪ್ರಕಾರ ತನ್ನ ಚಿಮಣಿ ಐವತ್ತು ಅಡಿ ಆಗಬೇಕಾಗಿದೆ, ಅದಕ್ಕೆ ತಮ್ಮ ಒಪ್ಪಿಗೆ ಬೇಕು ಎಂದು. ಕೊನೆಯಲ್ಲಿ: ಪ್ರತಿ, ವಾರ್ಡ್ ಆಫೀಸು, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ.

ವಾರಿಜಾ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತಿದ್ದಳು. “ಒಬ್ಬರ ಹತ್ರ ಕೇಳುವುದನ್ನು ಇನ್ನೊಬ್ಬರಿಗೆ ಯಾಕೆ ಹೇಳುವುದು?”

“ದಾಖಲೆ ಇರ್ಬೇಕು.”

“ಇರ್ಲಿ. ನಿಮ್ಮ ಹತ್ರ ಇದ್ರೆ ಸಾಲದಾ?”

ಅವನು ಎರಡೂ ಲಕೋಟೆಗಳನ್ನು ರಿಜಿಸ್ಟರ್ ಮಾಡಿಸಿ ಬಂದ.

ಫೆಬ್ರವರಿ 14ರಂದು ಉತ್ತರ ಬಂತು. ಸಭ್ಯವಾದ, ಸ್ಪಷ್ಟವಾದ ಪತ್ರ. ಸದರಿ ಜಾಗದಲ್ಲಿ ಕಟ್ಟಡ, ಟಾಂಕಿ, ಕಂಬ, ಚಿಮಣಿ ಯಾವುದೇ ಆದರೂ ನೆಲದಿಂದ 14.63 ಮೀಟರ್, ಅಂದರೆ ನಲವತ್ತೆಂಟು ಅಡಿ, ಮೀರುವಂತಿಲ್ಲ. ಅದಕ್ಕಿಂತ ಹೆಚ್ಚಿಗೆ ಒಪ್ಪಿಗೆ ಕೊಡಲಾಗದು. ಇದರ ಪ್ರತಿಯನ್ನು ವಾರ್ಡ್ ಆಫೀಸಿಗೂ ಕಳಿಸಲಾಗಿದೆ.

ಅವನು ಕಾಗದ ಮಡಿಚಿ ಗಲ್ಲಾದೊಳಗಿಟ್ಟ. ಐವತ್ತು ಆಗಲೇಬೇಕು, ನಲವತ್ತೆಂಟು ದಾಟಕೂಡದು. ಎರಡೂ ಸರಕಾರಿ ಕಾಗದ, ಎರಡಕ್ಕೂ ಮೊಹರು. ಆ ದಿನ ಚಿಲ್ಲರೆ ಕೊಡುವಾಗ ಮೂರು ಸಲ ತಪ್ಪಿದ.

ಆರು ದಿನದ ನಂತರ ವಾರ್ಡ್ ಆಫೀಸಿನ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ದಪ್ಪ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಉಳಿದವರು. ಒಳಗೆ ಫ್ಯಾನಿನ ಕೆಳಗೆ ಕೂತು, ಚೀಲದಿಂದ ಫೈಲು ತೆಗೆದು, ಚೆನ್ನಯನದೇ ಅರ್ಜಿಯ ಪ್ರತಿಯನ್ನು ಟೇಬಲ್ಲಿನ ಮೇಲಿಟ್ಟರು.

“ಶೆಟ್ಟಿ, ವೇಡಾ ಆಹೇಸ್ ಕಾ?” ಎಂದರು. ಹುಚ್ಚೇ ನಿನಗೆ ಅಂತ.

“ಬಂಗೇರ, ಸಾಹೇಬ್.”

“ಉಡುಪಿ ಹೋಟೆಲಿನವನು ಅಂದ ಮೇಲೆ ಶೆಟ್ಟಿಯೇ.”

“ಬಂಟ್ವಾಳ, ಸಾಹೇಬ್.”

“ಅದೂ ಉಡುಪಿಯೇ.” ಅವರು ಕಾಗದವನ್ನು ಬೆರಳಿನಿಂದ ತಟ್ಟಿದರು. “ನೋಟೀಸು ಕಳಿಸಿದವನು ನಾನು. ನೀನು ನಲವತ್ತೋ ನಲವತ್ತೈದೋ ಏರಿಸಿ ನನ್ನನ್ನು ಕರೆದಿದ್ದರೆ, ನಾನು ಕೆಳಗೆ ನಿಂತು ನೋಡಿ, ಹೊಗೆ ಮೇಲೆ ಹೋಗ್ತಾ ಇದೆ, ನಿಯಮದಂತೆ ಇದೆ ಅಂತ ಬರೆದು ಹೋಗ್ತಿದ್ದೆ. ಈ ಹೊಟ್ಟೆ ಹೊತ್ತುಕೊಂಡು ಏಣಿ ಹತ್ತಿ ಅಳೆಯುವವನಾ ನಾನು? ಈಗ ನೋಡು. ಐವತ್ತು ಬೇಕು ಅಂತ ನೀನೇ ಬರೆದಿದ್ದೀ. ನಲವತ್ತೆಂಟರ ಮೇಲೆ ಹೋಗಬಾರದು ಅಂತ ಅವರು ಬರೆದಿದ್ದಾರೆ. ಎರಡೂ ನನ್ನ ಫೈಲಿನಲ್ಲಿ ಒಂದರ ಪಕ್ಕ ಒಂದು ಕೂತಿವೆ. ಇನ್ನು ನಾನು ಏನು ಬರೆದರೂ ಸುಳ್ಳಾಗುತ್ತದೆ.”

“ಎರಡು ಅಡಿ ಸಾಹೇಬ್. ಎರಡೇ ಅಡಿ.”

“ಎರಡು ಇಂಚಾದರೂ ಈಗ ಅದು ಕಾಗದದ ಮೇಲಿದೆ.”

ದೂಜ ತಾನಾಗಿ ಒಂದು ತಟ್ಟೆ ಮಸಾಲೆದೋಸೆ ತಂದಿಟ್ಟ. ಸಾಹೇಬರು ಅದನ್ನು ತಿಂದು, ಬೇಡ ಎಂದರೂ ಹಣ ಕೊಟ್ಟೇ ಹೋದರು. ಚೆನ್ನಯನನ್ನು ಹೆಚ್ಚು ಹೆದರಿಸಿದ್ದು ಆ ಹಣ.

ದೂಜ ಅಂದು ಸಂಜೆ ತನ್ನ ಟ್ರಂಕನ್ನು ಅಟ್ಟದಿಂದ ಇಳಿಸಿ ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡ. ವಾರ ಕಳೆಯುವುದರೊಳಗೆ ಆರು ಟ್ರಂಕುಗಳೂ ಬಾಗಿಲ ಪಕ್ಕಕ್ಕೆ ಬಂದಿದ್ದವು. ಗಿರಾಕಿಗಳು ಎಡವುತ್ತಿದ್ದರು. ತೆಗೆಯಿರಿ ಎನ್ನಲು ಚೆನ್ನಯನಿಗೆ ಬಾಯಿ ಬರಲಿಲ್ಲ.

ಅವನು ವಿಮಾನ ನಿಲ್ದಾಣದ ಆಫೀಸಿಗೆ ಹೋದ. ಮೂರು ದಿನ ಹೊರಗೆ ಕಾದ ಮೇಲೆ ನಾಲ್ಕನೆಯ ದಿನ ಒಬ್ಬ ಅಧಿಕಾರಿ ಒಳಗೆ ಕರೆದು ಕುರ್ಚಿ ಕೊಟ್ಟರು. ಗೋಡೆಯ ಮೇಲೆ ದೊಡ್ಡ ನಕಾಶೆ; ರನ್‌ವೇಯಿಂದ ಹರಡಿದ ಗೆರೆಗಳು, ಗೆರೆಗೊಂದು ಅಂಕಿ. ಅಂಧೇರಿಯ ಓಣಿಗಳು ಆ ಗೆರೆಗಳ ಕೆಳಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಅಧಿಕಾರಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು, “ಇದು ನಿಮ್ಮ ಹೋಟೆಲು,” ಎಂದರು.

“ಎರಡು ಅಡಿ ಹೆಚ್ಚಾದರೆ ವಿಮಾನಕ್ಕೆ ತಾಗ್ತದಾ ಸರ್?”

“ತಾಗುವುದಿಲ್ಲ.”

“ಮತ್ತೆ?”

“ಗೆರೆಯನ್ನು ಎಲ್ಲಾದರೂ ಎಳೆಯಬೇಕು. ನಿಮಗೆ ಎರಡು ಕೊಟ್ಟರೆ ನಿಮ್ಮ ಪಕ್ಕದ ಸೊಸೈಟಿಯವರು ಹತ್ತು ಕೇಳುತ್ತಾರೆ. ಅವರ ಒಂದು ಮಾಳಿಗೆ ಕಡಿಸಿದವನು ನಾನೇ.” ಆಮೇಲೆ ಅವರೇ ಕೇಳಿದರು, “ಅಲ್ಲ, ಮುನ್ಸಿಪಾಲಿಟಿಯವರು ಆರಡಿಯನ್ನು ನಾಲ್ಕಡಿ ಮಾಡಲಿಕ್ಕೆ ಆಗುವುದಿಲ್ಲವೇ?”

ವಾರ್ಡ್ ಆಫೀಸಿನಲ್ಲಿ ಅದನ್ನೇ ಕೇಳಿದ. ಅಲ್ಲಿಯ ಹೆಡ್ ಕ್ಲಾರ್ಕು, ನಿಯಮ ಈ ವಾರ್ಡಿನದಲ್ಲ, ಇಡೀ ಮುಂಬಯಿಯದು, ಒಂದು ಹೋಟೆಲಿಗೋಸ್ಕರ ಅದನ್ನು ಬದಲಿಸಲಾಗದು ಎಂದ. ಅದೂ ನಿಜವೇ. ಎರಡೂ ಕಡೆ ಯಾರೂ ಅವನನ್ನು ಗದರಲಿಲ್ಲ, ಯಾರೂ ಕೈ ಚಾಚಲಿಲ್ಲ. ಗದರಿದ್ದರೆ ಜಗಳ ಆಡಬಹುದಿತ್ತು.

ಮಾರ್ಚ್ ಮೊದಲ ವಾರ ಗುರಲಿಂಗಪ್ಪ ಚಿಮಣಿ ಏರಿಸಿದ. ಆಗುವಷ್ಟನ್ನಾದರೂ ಮಾಡಿ ತೋರಿಸುವುದೆಂದು ಚೆನ್ನಯ ತೀರ್ಮಾನಿಸಿದ್ದ. ಬೈಕುಲ್ಲಾದಿಂದ ತಗಡಿನ ಪೈಪು ಬಂತು. ನಾಲ್ಕು ತಂತಿ ಬಿಗಿದು ನಿಲ್ಲಿಸಿದ ಮೇಲೆ ಈ ಸಲ ಟೇಪು ಹಿಡಿದೇ ಅಳೆದರು. ನಲವತ್ತೆಂಟು ಅಡಿಗೆ ಒಂದು ಇಂಚು ಕಡಿಮೆ. ಹೊಗೆ ಪುಷ್ಪಕ್‌ನ ಟೆರೇಸಿನ ಮೇಲಿಂದ ಸಾಗಿ ಹೋಯಿತು. ಟೀಚರ ಅಪ್ಪ ಒಂಬತ್ತು ದಿನ ಕೆಮ್ಮದೆ ಮಲಗಿದರು.

ಹತ್ತನೆಯ ದಿನ ಟೀಚರ್ ತಾವೇ ವಾರ್ಡ್ ಆಫೀಸಿಗೆ ಹೋಗಿ, ತಮಗೆ ಈಗ ತೊಂದರೆಯಿಲ್ಲ, ದೂರು ಹಿಂದೆಗೆದುಕೊಂಡಿದ್ದೇನೆ ಎಂದು ಬರೆದುಕೊಟ್ಟರು. ಬರುವಾಗ ಮುಖ ಸಣ್ಣದು ಮಾಡಿಕೊಂಡಿದ್ದರು.

“ತಗೊಂಡ್ರು. ಸ್ಟಾಂಪೂ ಹೊಡೆದ್ರು. ಆದ್ರೆ ಚಿಮಣಿ ಎಷ್ಟುಂಟು ಅಂತ ಈಗ ದಾಖಲಾಗಿ ಹೋಗಿದೆಯಂತೆ. ದೂರು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ಅಂತ ಹೇಳಿದ್ರು.”

“ಹೋಗ್ಲಿ ಬಿಡಿ ಟೀಚರ್.”

“ನನ್ನಿಂದ ಶುರುವಾದದ್ದು.”

“ನಿಮ್ಮಿಂದ ಅಲ್ಲ,” ಎಂದ ಚೆನ್ನಯ. ಯಾರಿಂದ ಎಂದು ಹೇಳಲಿಲ್ಲ.

ಇನ್ನೊಂದು ದಾರಿಯನ್ನು ಕಂಡುಹಿಡಿದದ್ದು ಟೀಚರೇ. ಚಿಮಣಿ ಏರುವಂತಿಲ್ಲವಾದರೆ ಪುಷ್ಪಕ್‌ನ ಗೋಡೆ ಇಳಿಯಬಹುದಲ್ಲ? ಟೆರೇಸಿನ ಸುತ್ತಲಿನ ಗೋಡೆಯನ್ನು ಎರಡು ಅಡಿ ಕಡಿದರೆ ನಲವತ್ತೆರಡು. ಅದಕ್ಕೆ ಆರು ಕೂಡಿದರೆ ನಲವತ್ತೆಂಟು. ಸೊಸೈಟಿಯ ಮೀಟಿಂಗಿನಲ್ಲಿ ಅವರು ಅದನ್ನು ಎತ್ತಿದರು. ಚೆನ್ನಯ ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ. ಒಬ್ಬರು ನಕ್ಕರು. ಸೆಕ್ರೆಟರಿ ನಗಲಿಲ್ಲ, ಆತ ಪುಸ್ತಕ ತೆಗೆದು ನೋಡಿದ. ಟೆರೇಸಿನ ಗೋಡೆ ಮೂರು ಅಡಿಗಿಂತ ಕಡಿಮೆ ಇರಬಾರದೆಂಬ ನಿಯಮವಿತ್ತು, ಯಾರೂ ಕೆಳಗೆ ಬೀಳದಿರಲೆಂದು. ಹೆಚ್ಚೆಂದರೆ ಒಂಬತ್ತು ಇಂಚು ಕಡಿಯಬಹುದಿತ್ತು. ಇನ್ನೂ ಒಂದು ಅಡಿ ಮೂರು ಇಂಚು ಉಳಿಯುತ್ತಿತ್ತು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಚೆನ್ನಯನಿಗೆ ಒಂದು ಕ್ಷಣ, ತಾನು ಕಟ್ಟಡಗಳ ನಡುವೆ ಅಲ್ಲ, ಅಂಕಿಗಳ ನಡುವೆ ಸಿಕ್ಕಿಕೊಂಡಿದ್ದೇನೆ ಎನ್ನಿಸಿತು. ಗೋಡೆಯಾದರೆ ಗುರಲಿಂಗಪ್ಪ ಒಡೆಯುತ್ತಿದ್ದ.

ಮಾರ್ಚ್ 30, ಶನಿವಾರ. ಮರುದಿನ ಭಾನುವಾರವಾದ್ದರಿಂದ ಲೈಸೆನ್ಸಿನ ವರ್ಷ ಆಫೀಸಿನ ಮಟ್ಟಿಗೆ ಅಂದೇ ಮುಗಿಯುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಚೆನ್ನಯ ನವೀಕರಣದ ಅರ್ಜಿ ಕೊಟ್ಟ. ಹನ್ನೊಂದೂವರೆಗೆ ಅದು ವಾಪಸು ಬಂತು, ಮೇಲೆ ಕೆಂಪು ಶಾಯಿಯಲ್ಲಿ ಚಿಮಣಿಯ ಎತ್ತರ ಬರೆದು. ಇನ್ಸ್‌ಪೆಕ್ಟರ್ ಸಾಹೇಬರು ಅವನನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋದರು.

“ಭಟ್ಟಿ ಇಲ್ಲದಿದ್ದರೆ ಚಿಮಣಿ ಬೇಡ,” ಎಂದರು. “ಬೆಂಕಿ ನಂದಿಸು. ಸ್ಟೋವಿನ ಮೇಲೆ ಚಹಾ ಮಾಡು, ಪಾವ್ ಬೆಣ್ಣೆ ಮಾರು. ಅದಕ್ಕೆ ನಾನು ಸೋಮವಾರವೇ ಲೈಸೆನ್ಸ್ ಕೊಡಿಸುತ್ತೇನೆ.”

“ಎಂಟು ಜನ ಇದ್ದೇವೆ ಸಾಹೇಬ್. ಪಾವ್ ಬೆಣ್ಣೆಗೆ ಇಬ್ಬರು ಸಾಕು.”

“ಗ್ಯಾಸು?”

“ಹೊಸ ಹೆಸರು ಬರೆದುಕೊಳ್ಳುವುದಿಲ್ಲ ಈಗ. ಸೀಮೆಎಣ್ಣೆಗೆ ಪರ್ಮಿಟ್ ಇಲ್ಲ.”

ಎಣ್ಣೆಯ ಬೆಲೆ ಪ್ರಪಂಚದಲ್ಲೆಲ್ಲ ಏರಿದ ವರ್ಷ ಅದು, ಸಾಹೇಬರಿಗೂ ಗೊತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದರೆ ನಡೆಸು. ಲೈಸೆನ್ಸ್ ಇಲ್ಲದೆ ನಡೆಸು. ನಾನು ತಿಂಗಳಿಗೊಂದು ಕೇಸು ಹಾಕುತ್ತೇನೆ. ಹಾಕಲೇಬೇಕು. ನೀನು ಕೋರ್ಟಿಗೆ ಹೋಗಿ, ಗುನ್ಹಾ ಕಬೂಲ್, ತಪ್ಪು ಒಪ್ಪಿದೆ ಅಂತ ಹೇಳಿ, ದಂಡ ಕೊಟ್ಟು ಬಾ. ನಿಮ್ಮ ರಸ್ತೆಯಲ್ಲಿ ನಾಲ್ಕು ಹೋಟೆಲು ಹಾಗೇ ನಡೆಯುತ್ತಿವೆ. ಯಾರೂ ಸತ್ತಿಲ್ಲ.”

“ಬೀಗ?”

“ನಾನಿರುವ ತನಕ ಹಾಕುವುದಿಲ್ಲ.”

“ನೀವು ಇನ್ನೆರಡು ವರ್ಷ.”

ಸಾಹೇಬರು ಕನ್ನಡಕ ಹಾಕಿಕೊಂಡರು. “ಎರಡು ವರ್ಷ,” ಎಂದರು.

ಚೆನ್ನಯ ನಡೆದುಕೊಂಡೇ ಬಂದ. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಅವನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ದೂಜ ಭಟ್ಟಿಯ ಬೂದಿ ಕೆದಕುತ್ತ ಕೇಳಿದ.

“ನನಗೆ ಐವತ್ತಾಯ್ತು ಚೆನ್ನಯ,” ಎಂದ. “ಊರಲ್ಲಿ ತಂಗಿ ಮನೆ ಉಂಟು. ನೀನು ಬೆಂಕಿ ನಂದಿಸು. ನಾನು ಹೋಗ್ತೇನೆ, ಉಳಿದ ಐದು ಜನರನ್ನು ಬೈಕುಲ್ಲಾ ಕಡೆ ಎಲ್ಲಾದ್ರೂ ಸೇರಿಸುವ. ನಿನಗೆ ಕಾಗದ ಸರಿ ಇಲ್ಲದಿದ್ರೆ ನಿದ್ದೆ ಬರುವುದಿಲ್ಲ. ನಾನು ನೋಡ್ಲಿಲ್ವಾ?”

“ಇಡೀ ಜನ್ಮ ನಾನು ಒಂದು ತಪ್ಪು ಒಪ್ಪಿಕೊಂಡವನಲ್ಲ ದೂಜಣ್ಣ. ಮಾಡಿದವನೂ ಅಲ್ಲ.”

“ಅದಕ್ಕೇ ಹೇಳಿದ್ದು.”

ವಾರಿಜಾ ತೊಳೆದ ಲೋಟಗಳನ್ನು ಬೋರಲು ಹಾಕುತ್ತಿದ್ದಳು. ತಿರುಗಿ ನೋಡದೆ ಮಾತಾಡಿದಳು. “ಕಾಗದ ಉಳಿಸ್ಲಿಕ್ಕೆ ಇವರನ್ನೆಲ್ಲ ಕಳಿಸಿದ್ರೆ, ಆ ಕಾಗದ ಗೋಡೆಯ ಮೇಲೆ ಯಾರಿಗೆ ತೋರಿಸ್ಲಿಕ್ಕೆ? ನನಗಂತೂ ಓದ್ಲಿಕ್ಕೆ ಬರುವುದಿಲ್ಲ.”

ಮೇಲೆ ಒಂದು ವಿಮಾನ ಇಳಿಯಿತು. ಬೋರಲು ಹಾಕಿದ ಲೋಟಗಳು ಎಂದಿನಂತೆ ನಡುಗಿ ನಿಂತವು.

ಭಾನುವಾರ ಇಡೀ ದಿನ ಅವನು ಗಲ್ಲಾದಲ್ಲೇ ಕೂತಿದ್ದ. ಚಿಲ್ಲರೆ ತಪ್ಪಲಿಲ್ಲ. ನಂದಿಸುತ್ತೇನೆಂದೂ ಹೇಳಲಿಲ್ಲ, ನಡೆಸುತ್ತೇನೆಂದೂ ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಏಪ್ರಿಲ್ 1, ಸೋಮವಾರ, ಬೆಳಗಿನ ಐದಕ್ಕೆ ದೂಜ ಎದ್ದು ಬಂದಾಗ ಭಟ್ಟಿಯ ಮುಂದೆ ಚೆನ್ನಯ ಕುಕ್ಕರುಗಾಲಿನಲ್ಲಿ ಕೂತಿದ್ದ. ಕಟ್ಟಿಗೆ ಜೋಡಿಸಿ ಆಗಿತ್ತು. ಅವನೇ ಕಡ್ಡಿ ಗೀರಿದ. ಹದಿಮೂರು ವರ್ಷದಲ್ಲಿ ಆ ಕೆಲಸ ಅವನು ಮಾಡಿದ್ದು ಅದೇ ಮೊದಲು. ಉರಿ ಹತ್ತಿದ ಮೇಲೆ ಹಾಲಿಗೆ ಹೋಗಿ, ಗಲ್ಲಾದ ಹಿಂದಿನ ಚೌಕಟ್ಟನ್ನು ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಕೋಣೆಯ ಮಂಚದ ಕೆಳಗೆ ತಳ್ಳಿದ. ಗೋಡೆಯ ಮೇಲೆ ಬಿಳಿಯ ಚೌಕ ಉಳಿಯಿತು. ಅದರ ಮೇಲೆ ವಾರಿಜಾ ಕ್ಯಾಲೆಂಡರ್ ತೂಗುಹಾಕಿದಳು.

ಸಮನ್ಸು ಹನ್ನೊಂದನೇ ತಾರೀಕು ಬಂತು. ಏಪ್ರಿಲ್ 16, ಮಂಗಳವಾರ, ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಂದ್ರಾ ಕಡೆಯ ಕೋರ್ಟಿಗೆ ಹೋದ. ಕಂಕುಳಲ್ಲಿ ಒಂದು ಫೈಲು: ಎರಡೂ ಆಫೀಸಿನ ಪತ್ರಗಳು, ಟೀಚರು ಬರೆದುಕೊಟ್ಟದ್ದು, ಗುರಲಿಂಗಪ್ಪನ ಅಳತೆ, ಮತ್ತು ತಾನೇ ಬರೆದ ನಾಲ್ಕು ಪುಟದ ನಿವೇದನೆ. ಅದನ್ನು ಇಂಗ್ಲಿಷಿನಲ್ಲಿ ಓದುವ ಅಭ್ಯಾಸವನ್ನೂ ಮಾಡಿಕೊಂಡಿದ್ದ. ಕೋರ್ಟಿನ ಹಾಲಿನಲ್ಲಿ ಇದ್ದವರೆಲ್ಲ ಲೈಸೆನ್ಸ್ ಇಲ್ಲದವರೇ: ಭೇಲ್‌ಪುರಿಯವರು, ಹಿಟ್ಟಿನ ಗಿರಣಿಯವರು, ಒಬ್ಬ ಐಸ್ ಮಾರುವವ, ಮೂವರು ಹೋಟೆಲಿನವರು. ಅಂದಿನ ಪಟ್ಟಿಯಲ್ಲಿ ನೂರಾ ಹನ್ನೆರಡು ಕೇಸು.

ಹೆಸರು ಕರೆದಾಗ ಅವನು ಕಟಕಟೆಗೆ ಹತ್ತಿ ಫೈಲಿನ ದಾರ ಬಿಚ್ಚತೊಡಗಿದ.

“ಲೈಸೆನ್ಸ್ ಇದೆಯೇ?” ಮ್ಯಾಜಿಸ್ಟ್ರೇಟರು ತಲೆ ಎತ್ತದೆ ಕೇಳಿದರು.

“ಸರ್, ಈ ವಿಷಯದಲ್ಲಿ ನನ್ನ ನಿವೇದನೆ–”

“ಇದೆಯೋ ಇಲ್ಲವೋ?”

“ಇಲ್ಲ ಸರ್. ಯಾಕೆಂದರೆ ಚಿಮಣಿ–”

“ಚಿಮಣಿ ಐವತ್ತು ಅಡಿ ಇದೆಯೇ?”

“ಇಲ್ಲ ಸರ್.”

“ಮತ್ತೇನು ಹೇಳುವುದಿದೆ?” ಆಗ ಅವರು ತಲೆ ಎತ್ತಿದರು. ಅದರಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. “ಗುನ್ಹಾ ಕಬೂಲ್?”

ದಾರದ ಗಂಟು ಇನ್ನೂ ಬಿಚ್ಚಿರಲಿಲ್ಲ. ಚೆನ್ನಯ ಫೈಲನ್ನು ನೋಡಿದ, ಬಾಗಿಲ ಬಳಿ ನಿಂತ ಇನ್ಸ್‌ಪೆಕ್ಟರ್ ಸಾಹೇಬರನ್ನು ನೋಡಿದ. ಅವರು ಬೇರೆ ಕಡೆ ನೋಡುತ್ತಿದ್ದರು. ಹಿಂದೆ ನಿಂತಿದ್ದ ಐಸಿನವ ಮೆಲ್ಲಗೆ, “ಹಾಂ ಬೋಲ್ ದೇ ಅಣ್ಣಾ, ಟೈಮ್ ಖೋಟಿ ಮತ್ ಕರ್,” ಎಂದ. ಹೂಂ ಅಂದುಬಿಡು, ಹೊತ್ತು ಕೆಡಿಸಬೇಡ ಅಂತ.

“ಕಬೂಲ್,” ಎಂದ ಚೆನ್ನಯ.

ಇಪ್ಪತ್ತೈದು ರೂಪಾಯಿ ದಂಡ. ಹೊರಗೆ ಕಿಟಕಿಯಲ್ಲಿ ಕಟ್ಟಿ, ರಸೀತಿ ತೆಗೆದುಕೊಂಡು, ಮೂರರ ಹೊತ್ತಿಗೆ ಹೋಟೆಲಿಗೆ ಬಂದ. ಏನಾಯ್ತು ಎಂದು ದೂಜ ಕೇಳಿದ್ದಕ್ಕೆ, “ಆಯ್ತು,” ಎಂದಷ್ಟೇ ಹೇಳಿ ಗಲ್ಲಾದಲ್ಲಿ ಕೂತ.

ಎರಡನೆಯ ಸಮನ್ಸು ಮೇ 14ರ ವಿಚಾರಣೆಗೆ ಬಂತು. ರೈಲ್ವೆ ಮುಷ್ಕರದಿಂದ ಲೋಕಲ್‌ಗಳು ಸರಿಯಾಗಿ ಓಡುತ್ತಿರಲಿಲ್ಲ; ಚೆನ್ನಯ ಬಸ್ಸಿನಲ್ಲಿ ಹೋದ. ಆ ದಿನದ ಪಟ್ಟಿಯಲ್ಲಿ ಅವನದು ಮೂವತ್ತೊಂಬತ್ತನೆಯ ಹೆಸರು. ಹನ್ನೊಂದು ನಲವತ್ತಕ್ಕೆ ಒಳಗೆ ಹೋಗಿ, ಹನ್ನೊಂದು ನಲವತ್ತೊಂದಕ್ಕೆ ಹೊರಗೆ ಬಂದ.